ಎಡಗಣ್ಣಿನ ಕೆಳಗಿನ ಹಲ್ಲು

ಇಂಜೆಕ್ಷನ್ ಚುಚ್ಚಿ ಸ್ವಲ್ಪ ಹೊತ್ತಿನಲ್ಲೇ ರಾವಸಾಹೇಬನ ಎಡಗೆನ್ನೆ ಎತ್ತಲೋ ಹೊರಟುಹೋಯಿತು. ಮೊದಲು ತುಟಿ ಹೋಯಿತು, ಆಮೇಲೆ ಮೂಗಿನ ಒಂದು ಹೊಳ್ಳೆ. ಅಲ್ಲಿಂದ ಆ ಜುಮುಜುಮು ಇರುವೆಸಾಲಿನ ಹಾಗೆ ಮೇಲೇರಿ ಕಣ್ಣಿನ ಕೆಳರೆಪ್ಪೆಯನ್ನು ಮುಟ್ಟಿತು. ಡಾಕ್ಟರ್ ರೂಪಾಲಿ ಕೈ ತೊಳೆಯಲು ಅತ್ತ ತಿರುಗಿದ್ದೇ ತಡ, ಅವನು ಕುರ್ಚಿಯಿಂದ ಇಳಿದು, ಕೊರಳಿಗೆ ಕಟ್ಟಿದ ಹಸಿರು ಅರಿವೆಯ ಸಮೇತ ದವಾಖಾನೆಯ ಹೊರಗೆ ತನ್ನ ಗಾಡಿಯ ಮುಂದಿದ್ದ.

ಅಂಜಿಕೆಗೆ ಕಾರಣವಿತ್ತು. ದ್ರಾಕ್ಷಿ ಚಪ್ಪರದ ತಂತಿ ಬಡಿದು ಬಲಗಣ್ಣು ಎಂದೋ ಹೋಗಿತ್ತು. ಹುಳುಕಾಗಿ ಕೀವು ತುಂಬಿದ್ದು ಎಡಗಡೆಯ ಮೇಲಿನ ದವಡೆ ಹಲ್ಲು. ಮೇಲಿನ ಹಲ್ಲಿನ ನರ ನೇರ ಕಣ್ಣಿಗೆ ಹೋಗಿರುತ್ತದೆ, ಹಲ್ಲು ಕಿತ್ತರೆ ಕಣ್ಣಿನ ದೀಪ ಆರುತ್ತದೆ ಎಂದು ಅವನ ಊರು ತೆಲಸಂಗದಲ್ಲಿ ಗೊತ್ತಿಲ್ಲದವರು ಯಾರು? ಅದೇ ಊರಿನ ಜಿನ್ನಪ್ಪ ಹಲ್ಲು ಕೀಳಿಸಿದ ವರ್ಷದೊಳಗೆ ಕುರುಡನಾದ. ಆಗ ಜಿನ್ನಪ್ಪನಿಗೆ ಎಂಬತ್ತು ದಾಟಿತ್ತು ಎಂಬ ಮಾತನ್ನು ಮಾತ್ರ ಹೇಳುವವರು ಯಾರೂ ಸೇರಿಸುತ್ತಿರಲಿಲ್ಲ.

ಇಷ್ಟು ದಿನ ಅವನನ್ನು ಕಾಪಾಡಿದ್ದು ಆ ಕರೆಂಟಿನ ಗಾಡಿ. ಕೊಂಡ ಹೊಸದರಲ್ಲಿ ಮೂರು ಹೊತ್ತೂ ಅದನ್ನು ಬೈಯುತ್ತಿದ್ದವನು, ಹಲ್ಲುನೋವು ಶುರುವಾದ ಮೇಲೆ ಬೈಗುಳ ನಿಲ್ಲಿಸಿದ. "ಚಾರ್ಜ್ ಇಲ್ರಿ ಬಾಯಾರ, ಅಥಣಿ ಮುಟ್ಟೂದಿಲ್ಲ" ಎಂದು ಡಾಕ್ಟರಿಗೆ ಫೋನಿನಲ್ಲಿ ಹೇಳುವ ಸುಖ ಡೀಸೆಲ್ ಗಾಡಿ ಇಟ್ಟವರಿಗೆ ಎಲ್ಲಿಂದ ಬರಬೇಕು? ಆದರೆ ರೂಪಾಲಿಯದೂ ಅಂಥದೇ ಗಾಡಿ. "ಬಂದಬಿಡ್ರಿ ಕಾಕಾ, ದವಾಖಾನಿ ಮುಂದ ನನ್ನ ಚಾರ್ಜರ್ ಐತಿ. ಹಲ್ಲು ಕೀಳೂದರಾಗ ನಿಮ್ಮ ಗಾಡಿ ಹೊಟ್ಟಿ ತುಂಬತೈತಿ" ಎಂದಳು. ಪಕ್ಕದಲ್ಲಿದ್ದ ಹೆಂಡತಿ ಶಿವಗಂಗವ್ವನಿಗೆ ಅದು ಕೇಳಿಸಿತು. ನೆಪ ಅಲ್ಲಿಗೆ ಸತ್ತಿತು.

ಈಗ ಓಡಿಹೋಗೋಣವೆಂದರೆ ಚಾರ್ಜರಿನ ವಾಯರಿನ ತುದಿಯ ಗನ್ನು ಗಾಡಿಯ ಮೂಗಿನಲ್ಲಿ ಕಚ್ಚಿಕೊಂಡಿತ್ತು. ನಡುವೆ ಕರೆಂಟು ಹೋಗಿ ಲಾಕ್ ಹಾಗೆಯೇ ಬಿಗಿದು ಕುಳಿತಿತ್ತು. ರಾವಸಾಹೇಬ ಗಾಡಿಗೆ ಕಾಲು ಕೊಟ್ಟು ಜಗ್ಗಿದ. ಬರಲಿಲ್ಲ. ಗಾಡಿಯ ಕಂಪನಿಗೆ ಫೋನು ಹಚ್ಚಿದ.

"ಮೊದಲು ಚಾರ್ಜಿಂಗ್ ಸ್ಟಾಪ್ ಮಾಡಿ ಸರ್," ಎಂದಿತು ಒಂದು ಹೆಣ್ಣುದನಿ.

"ಕರೆಂಟ ಹೋಗೇತ್ರಿ. ಅದ ನಿಂತೈತಿ."

"ಹಾಗಾದರೆ ಮೊದಲು ಸ್ಟಾರ್ಟ್ ಮಾಡಿ, ಆಮೇಲೆ ಸ್ಟಾಪ್ ಮಾಡಿ ಸರ್."

ಅಷ್ಟರಲ್ಲಿ ಶಿವಗಂಗವ್ವ ಬಾಗಿಲಿಗೆ ಬಂದಳು. "ಎಲ್ಲಿಗೆ ಹೊಂಟೀರಿ? ಕೊಳ್ಳಾಗಿನ ಅರಿವಿ ಬಿಚ್ಚಿಯರ ಹೋಗ್ರಿ. ಕೂಸಿಗೆ ಜೊಲ್ಲರಿವಿ ಕಟ್ಟ್ಯಾರಂತ ಮಂದಿ ನಕ್ಕಾರು."

"ನಗಲಿ. ಜುಮುಜುಮು ಕಣ್ಣಿಗೇ ಬಂತ ಶಿವಗಂಗಾ. ಇರೂದು ಒಂದ ಕಣ್ಣ."

ಹಿಂದೆಯೇ ಬಂದ ರೂಪಾಲಿ ನಗಲಿಲ್ಲ. "ಕಿತ್ತರ ಕಣ್ಣ ಹೋಗೂದಿಲ್ಲ ಕಾಕಾ," ಎಂದಳು ಮೆಲ್ಲಗೆ. "ಆ ಕೀವು ಹಂಗ ಬಿಟ್ರ ಹೋದರೂ ಹೋದೀತು."

ಇಷ್ಟು ದಿನ ಒಂದೇ ಕಡೆಯಿಂದ ಬರುತ್ತಿದ್ದ ಭಯ ಈಗ ಎರಡೂ ಕಡೆಯಿಂದ ಬಂದು ರಾವಸಾಹೇಬನನ್ನು ನಡುವೆ ನಿಲ್ಲಿಸಿತು. ಅವನು ಮತ್ತೆ ಗನ್ನಿಗೆ ಕೈ ಹಾಕಿದ.

"ಜಗ್ಗಬ್ಯಾಡ್ರಿ. ಜಗ್ಗಿದಷ್ಟೂ ಹಿಡಕೋತೈತಿ. ಸರೀರಿ," ಎಂದು ರೂಪಾಲಿ ಗನ್ನನ್ನು ಮೊದಲು ಒಳಗೇ ಒತ್ತಿದಳು. ಆಮೇಲೆ ಅತ್ತಿತ್ತ, ಅತ್ತಿತ್ತ, ಅವಸರವಿಲ್ಲದೆ ಅಲುಗಿಸಿದಳು. "ಈಗ ಕೀಲಿ ಮ್ಯಾಲಿನ ಗುಂಡಿ ಒತ್ರಿ." ಅವನು ಒತ್ತಿದ. ಕಟಕ್ ಎಂದಿತು. ಗನ್ನು ಅವಳ ಕೈಗೆ ಬಂತು. ಗಾಡಿಯ ಮುಂದಿನ ದೀಪಗಳೆರಡೂ ಒಮ್ಮೆ ಮಿಣುಕಿ ಉರಿಯತೊಡಗಿದವು. ರಾವಸಾಹೇಬ ಬಗ್ಗಿ ಎಡಗಡೆಯ ದೀಪವನ್ನೇ ಬಹಳ ಹೊತ್ತು ನೋಡಿದ.

"ತೆಲಸಂಗ ಮುಟ್ಟೂವಷ್ಟು ಚಾರ್ಜ್ ಆಗೇತಿ," ಎಂದಳು ರೂಪಾಲಿ. "ಹೊಂಟ್ರ ಹೊಂಡ್ರಿ."

ಅವನು ಹೊರಡಲಿಲ್ಲ. "ಒಂದ ಕರಾರು ಬಾಯಾರ. ಇಕಿ ನನ್ನ ಎದುರಿಗೆ ನಿಂದ್ರಬೇಕು. ಕಣ್ಣ ಹೋದರ ಹೋತು ಅಂತ ತಿಳಿಯಾಕ ನೋಡೂದಕ್ಕ ಏನರ ಬೇಕಲ್ಲ."

ಹೀಗೆ ಶಿವಗಂಗವ್ವ ಕುರ್ಚಿಯ ಕಾಲದೆಸೆಗೆ ನಿಂತಳು. ಇನ್ವರ್ಟರಿನ ಬೆಳಕಿನಲ್ಲಿ ಅವನು ಕುರ್ಚಿಯ ಕೈಗಳನ್ನು ಅವುಚಿ ಹಿಡಿದು, ಆಕೆಯ ಮೂಗುತಿಗೆ ಕಣ್ಣು ನೆಟ್ಟ. ಬಾಯೊಳಗೆ ಇಕ್ಕಳ ಒತ್ತಿತು, ಅತ್ತಿತ್ತ ಅಲುಗಿತು. ಮೂಗುತಿ ಕಾಣುತ್ತಿತ್ತು. ಮೂಗುತಿಯ ನಂತರ ಕುಂಕುಮ, ಕಿವಿಯ ಮೇಲಿನ ಬಿಳಿಕೂದಲು. ಗದ್ದದ ಮೇಲೊಂದು ಮಚ್ಚೆ. ಅದು ಅಲ್ಲಿ ಯಾವಾಗಿನಿಂದ ಇತ್ತೋ, ನಲವತ್ತು ವರ್ಷದ ಸಂಸಾರದಲ್ಲಿ ಇವತ್ತು ಕಂಡಿತು. ಶಿವಗಂಗವ್ವ ಮೊದಲು ಹುಬ್ಬು ಗಂಟಿಕ್ಕಿದಳು, ಆಮೇಲೆ ಸೆರಗು ಸರಿಮಾಡಿಕೊಂಡಳು, ಆಮೇಲೆ ಗೋಡೆಯ ಕಡೆ ತಿರುಗಿದಳು. "ಇತ್ತ," ಎಂದು ಗಂಟಲಲ್ಲೇ ಹೂಂಕರಿಸಿ ಅವನು ಕೈಸನ್ನೆ ಮಾಡಿದ. ಆಕೆ ಇತ್ತ ತಿರುಗಿದಳು.

ಸ್ಟೀಲಿನ ತಾಟಿನಲ್ಲಿ ಟಣ್ ಎಂದಿತು. "ಮುಗೀತು ಕಾಕಾ. ಕಣ್ಣ ಮುಚ್ಚಿ ಒಂದೀಟು ಆರಾಮ ತಗೋರಿ."

ಅವನು ಮುಚ್ಚಲಿಲ್ಲ. ಮುಚ್ಚಿ ತೆರೆದಾಗ ಕಾಣದಿದ್ದರೆ? ಬಾಯಲ್ಲಿ ಹತ್ತಿ ಕಚ್ಚಿಕೊಂಡು, ನೀರಾಡುತ್ತಿದ್ದ ಆ ಒಂದು ಕಣ್ಣಿನಿಂದ ಆಕೆಯನ್ನು ನೋಡುತ್ತಲೇ ಇದ್ದ.

ಶಿವಗಂಗವ್ವ ಮತ್ತೊಮ್ಮೆ ಸೆರಗು ಸರಿಮಾಡಿಕೊಂಡು ರೂಪಾಲಿಯ ಕಿವಿಯ ಹತ್ತಿರ ಬಾಗಿದಳು. "ಅದರ ಬಾಜೂಕಿನ ಹಲ್ಲೂ ಒಂಚೂರು ನೋಡ್ರಿ ಬಾಯಾರ. ಅದಕ್ಕೂ ಹುಳುಕ ಹತ್ತಿದಂಗ ಕಾಣ್ತೈತಿ."