ಅಕ್ಕ ಕಾಣದ ಗುಹೆ

ನ್ಯೂಜಿಲೆಂಡಿನ ಡೆಸರ್ಟ್ ರೋಡ್ ಎಂಬ ಹೆದ್ದಾರಿಯಲ್ಲಿ ಮಗ ಕಾರು ನಿಲ್ಲಿಸಿದಾಗ, ಹೊಟ್ಟೆನೋವೇ ಎಂದು ನಾನು ಕೇಳಿದ್ದಕ್ಕೆ ಮೊಮ್ಮಗಳು, “ಜಸ್ಟ್ ಪೀರಿಯಡ್ಸ್ ಅಜ್ಜಾ, ಐ ಆಮ್ ಫೈನ್” ಎನ್ನುತ್ತ ಎಲ್ಲರಿಗಿಂತ ಮುಂದಾಗಿ ಕೆಂಪು ದಿಬ್ಬ ಹತ್ತಿದಳು. ಕಾರಿನಲ್ಲೇ ಉಳಿದ ನನಗೆ, ಬಿಸಿಲಿಗೆ ಕಾದ ಸೀಟಿನ ವಾಸನೆಯಲ್ಲಿ, ಬಾದಾಮಿಯ ಒಂದು ಮಧ್ಯಾಹ್ನ ಎದುರಿಗೆ ಬಂತು.

ಶಾಲೆಯಲ್ಲಿ ಓದಿದ್ದ ಗುಹೆಗಳನ್ನು ನೋಡಲೇಬೇಕೆಂದು ಅಕ್ಕ ಹಟ ಹಿಡಿದಿದ್ದಳು. ಅದಕ್ಕೇ ಸೋದರಮಾವನ ಕಾರಿನಲ್ಲಿ ಮನೆಮಂದಿಯೆಲ್ಲ ಹೋಗಿದ್ದೆವು. ಕೆಂಪು ಬಂಡೆಯ ಬುಡದಲ್ಲಿ ಇಳಿದಾಗ ಅವಳು ನನ್ನ ಕಿವಿಯಲ್ಲಿ, “ಲಂಗಕ್ಕ ಏನರ ಹತ್ತೇದೇನು ನೋಡೋ. ಯಾರಿಗೂ ಹೇಳಬ್ಯಾಡ” ಎಂದಳು.

ದಾರಿಯಲ್ಲಿ ನನ್ನನ್ನು ಗದರಿದ್ದಳೆಂಬ ಸಿಟ್ಟು ನನಗಿತ್ತು. “ಅಜ್ಜೀ, ಅಕ್ಕನ ಲಂಗಕ್ಕ ರಕ್ತ ಹತ್ತೇದ!” ಎಂದು ಕೂಗಿಬಿಟ್ಟೆ.

“ದೇವರಿರೋ ಗುಡ್ಡ ಇದು. ಕಾರಿನಾಗ ಕೂಡು ನಡಿ” ಎಂದಳು ಅಜ್ಜಿ. ಅಕ್ಕ ಹೋಗಿ ಕಾರಿನಲ್ಲಿ ಕುಳಿತಳು.

ನಾವು ಇಳಿದು ಬಂದಾಗ ಅವಳ ಕುಪ್ಪಸ ಬೆವರಿಗೆ ಅಂಟಿಕೊಂಡಿತ್ತು. “ಮ್ಯಾಲೆ ಹ್ಯಾಂಗಿತ್ತೋ ತಮ್ಮಾ?” ಎಂದು ಕೇಳಿದಳು.

“ಏನಿಲ್ಲ, ಬರೇ ಕಲ್ಲು” ಎಂದೆ.

ನನ್ನ ಮೊಣಕಾಲಿಗೆ ಮೆತ್ತಿದ್ದ ಕೆಂಪು ಧೂಳನ್ನು ಒರೆಸಲು ಅವಳು ಕೈ ಚಾಚಿದಳು. ಅಜ್ಜಿ ಕೆಮ್ಮಿದಳು. ಅಕ್ಕ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.