ಒಂದು ಗಂಟೆಯೊಳಗೆ ವಿಮೆಯ ಕಾಗದ

"ಕಾಗದ ಎಲ್ಲಿ?"

ಚಿತ್ರತಂಡದವರೆಲ್ಲ ಯಜಮಾನರೇ ಎಂದು ಕರೆಯುತ್ತಿದ್ದ ಆ ಮನುಷ್ಯ ಮನೆಯ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ನಿಂತಿದ್ದ. ಅವನ ಬೆನ್ನ ಹಿಂದೆ, ಸಿನಿಮಾದ ಕೊನೆಯ ದೃಶ್ಯಕ್ಕೆ ಬೇಕಾಗಿದ್ದ ಮರದ ಮೆಟ್ಟಿಲು. ಎದುರಿಗೆ ದೀಪ, ಕ್ಯಾಮೆರಾ, ವೈರು ಹೊತ್ತ ನಲವತ್ತು ಜನ. ನಡುವೆ ಸಿಕ್ಕಿಬಿದ್ದವಳು ಚಿತ್ರದ ಮ್ಯಾನೇಜರ್.

"ಇದೋ, ಬರ್ತಾ ಇದೆ ಯಜಮಾನ್ರೇ," ಎಂದಳು. ಎಲ್ಲಿಂದಲೂ ಬರುತ್ತಿರಲಿಲ್ಲ.

ಚಿತ್ರಕ್ಕೆ ವಿಮೆ ಇತ್ತು. ಈ ಮನೆಯಲ್ಲಿ ಏನಾದರೂ ಒಡೆದರೆ ಆ ವಿಮೆ ಹೊಣೆ ಹೊರುತ್ತದೆ ಎಂಬ ಪ್ರಮಾಣಪತ್ರ ಇರಲಿಲ್ಲ. ತರಿಸಬೇಕಾದವಳು ಇವಳೇ. ಹೋದ ವಾರದ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಈಗ ಹನ್ನೆರಡು ಹೊಡೆದಿತ್ತು.

ನಿರ್ದೇಶಕ ಹತ್ತಿರ ಬಂದು ಪಿಸುಗುಟ್ಟಿದ. "ಅಮ್ಮನವರಿಗೆ ನಾಳೆ ಮಂಡಿ ಆಪರೇಷನ್. ಆಮೇಲೆ ಮೂರು ತಿಂಗಳು ಮೆಟ್ಟಿಲು ಹತ್ತೋ ಹಾಗಿಲ್ಲ. ಒಂದು ಗಂಟೆಗೆ ಕ್ಯಾಮೆರಾ ಓಡಲಿಲ್ಲ ಅಂದ್ರೆ ನಾಳೆಯಿಂದ ನೀನು ಬರಬೇಡ."

ಅಮ್ಮನವರೆಂದರೆ ಚಿತ್ರದ ಹಿರಿಯ ನಟಿ. ವ್ಯಾನಿನಲ್ಲಿ ಕಾಲು ನೀಡಿ ಕೂತು, ಪಾಪ, ಯಾರನ್ನೂ ಬೈಯದೆ ಪದಬಂಧ ತುಂಬುತ್ತಿದ್ದರು. ಅದನ್ನು ನೋಡಿ ಮ್ಯಾನೇಜರಿಗೆ ಇನ್ನಷ್ಟು ಸಂಕಟವಾಯಿತು. ಹನ್ನೆರಡು ವರ್ಷ ಕಾಫಿ ಲೋಟ ಎಣಿಸಿ, ವ್ಯಾನು ಹೊಂದಿಸಿ, ಈಗಷ್ಟೇ ಮ್ಯಾನೇಜರ್ ಆಗಿದ್ದವಳು. ಒಂದು ಹಾಳೆಗೆ ಎಲ್ಲ ಹೋಗುವುದೇ?

"ಯಜಮಾನ್ರೇ, ಕ್ಯಾಮೆರಾ ಆದ್ರೂ ಒಳಗಿಡ್ತೀವಿ."

"ಒಂದು ಬಲ್ಬೂ ಒಳಗೆ ಬರಬಾರದು." ಅವನು ಜಪ್ಪಯ್ಯ ಎಂದರೂ ಜಗ್ಗಲಿಲ್ಲ. "ಒಂದು ಗೀರು ಬಿದ್ರೂ ನನ್ನ ಕಥೆ ಮುಗೀತು. ಕಾಗದ ನೋಡದೆ ಯಾರನ್ನೂ ನಂಬಬೇಡ ಅಂತ ನಮ್ಮ ಭಾವ ದಿನಾ ಊಟಕ್ಕೆ ಕೂತಾಗ ಹೇಳ್ತಾರೆ."

ಆ ಭಾವ ಯಾರೋ, ಅವನ ಬಾಯಿಗೆ ಮಣ್ಣು ಹಾಕ ಎಂದು ಅವಳು ಮನಸ್ಸಿನಲ್ಲೇ ಶಪಿಸಿದಳು.

ಹಾಗೆ ನೋಡಿದರೆ ಯಜಮಾನ ಒಳ್ಳೆಯವನೇ. ಬಾಡಿಗೆ ಕೇಳಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಸಿನಿಮಾದಲ್ಲಿ ಒಂದು ಸಣ್ಣ ಪಾತ್ರ, ಎರಡು ಸಾಲು ಮಾತು. ಕಾಗದ ಬಿಟ್ಟರೆ ಷರತ್ತುಗಳು ಎರಡೇ: ರಜೆಯಿಲ್ಲದ ದಿನವೇ ಚಿತ್ರೀಕರಣ ಆಗಬೇಕು, ಸಂಜೆ ಐದಕ್ಕೆ ಎಲ್ಲರೂ ಜಾಗ ಖಾಲಿ ಮಾಡಬೇಕು. ಅವನಿಗೆ ನಟನೆ ಬರುತ್ತದೆಯೇ ಎಂದು ನಿರ್ದೇಶಕ ಕೇಳಿದಾಗ ಅವಳು ನಕ್ಕಿದ್ದಳು. ಇಷ್ಟು ವರ್ಷ ನಟರ ನಡುವೆ ಬದುಕಿದವಳು. ನಟಿಸುವವರನ್ನು ಒಂದು ಮೈಲಿ ದೂರದಿಂದಲೇ ಗುರುತಿಸಬಲ್ಲೆ ಎಂಬ ಹೆಮ್ಮೆ ಅವಳಿಗೆ. ಈ ಪುಣ್ಯಾತ್ಮನಿಗೆ ಅದರ ಗಂಧವೂ ಇಲ್ಲ ಎಂದು ಹೇಳಿಬಿಟ್ಟಿದ್ದಳು.

ವಿಮೆ ಕಂಪನಿಯ ಮುಖ್ಯ ಕಚೇರಿಗೆ ಫೋನ್ ಹಚ್ಚಿದಳು. ಹತ್ತು ನಿಮಿಷ ಕೊಳಲಿನ ಸಂಗೀತ. ಆಮೇಲೆ ಒಬ್ಬಳ ದನಿ: ಅರ್ಜಿ ಕಳಿಸಿ, ಎರಡು ದಿನ ಆಗುತ್ತದೆ. ಫೋನ್ ಕಟ್ಟಾಯಿತು.

ನೀರು ಕುಡಿಯಲಾದರೂ ಬಿಡಿ ಎಂದು ಯಜಮಾನನನ್ನು ಕಾಡಿ ಬೇಡಿ, ಚಪ್ಪಲಿ ಬಿಟ್ಟು ಒಬ್ಬಳೇ ಅಡುಗೆಮನೆಗೆ ಹೋದಳು. ಲೋಟ ಎತ್ತಿದವಳು ಹಾಗೇ ನಿಂತಳು. ಗೋಡೆಯ ಮೇಲೆ ಅದೇ ಕಂಪನಿಯ ಕ್ಯಾಲೆಂಡರ್! ಕೆಳಗೆ ಸ್ಥಳೀಯ ಶಾಖೆಯ ನಂಬರು. ದೇವರು ಕಣ್ಣು ಬಿಟ್ಟ ಎಂದುಕೊಂಡು ಒತ್ತಿದಳು.

ಶಾಖೆಯ ಅಧಿಕಾರಿಯೇ ಎತ್ತಿಕೊಂಡ. ಆಕಳಿಸುತ್ತಿದ್ದ ದನಿ.

"ಇವತ್ತೇ ಅಂದ್ರೆ ಹೇಗಮ್ಮಾ? ಎರಡು ಸಹಿ ಬೇಕು. ಒಂದು ಕಂಪನಿದು, ಇನ್ನೊಂದು ಮನೆ ಮಾಲೀಕರದ್ದು. ಆಯ್ತು, ಮಾಲೀಕರ ಹೆಸರು, ವಿಳಾಸ ಹೇಳಿ."

ಗೇಟಿನ ಫಲಕದಿಂದ ಬರೆದುಕೊಂಡಿದ್ದನ್ನು ಅವಳು ಓದಿದಳು.

"ಹಲೋ? ಸಾರ್, ಕೇಳಿಸ್ತಾ ಇದೆಯಾ?"

"ಇನ್ನೊಂದ್ಸಲ ಹೇಳಿ." ಆಕಳಿಕೆ ಮಾಯವಾಗಿತ್ತು. ಅವಳು ಮತ್ತೆ ಓದಿದಳು.

"ಒಳಗೆ ಎಷ್ಟು ಜನ ಇದ್ದೀರಿ?"

"ಸದ್ಯಕ್ಕೆ ನಾನೊಬ್ಬಳೇ. ಹೊರಗೆ ನಲವತ್ತು, ಅಮ್ಮನವರು ಮೆಟ್ಟಿಲು ಹತ್ತೋ ದೃಶ್ಯಕ್ಕೆ ಕಾಯ್ತಿದ್ದಾರೆ."

"ಏನಾದ್ರೂ ಒಡೆದಿದೆಯಾ?"

"ಅಯ್ಯೋ ಇಲ್ಲ ಸಾರ್. ಯಜಮಾನ್ರು ಒಂದು ಬಲ್ಬೂ ಒಳಗೆ ಬಿಟ್ಟಿಲ್ಲ. ಭಾರೀ ಕಟ್ಟುನಿಟ್ಟು."

"ಓಹೋ, ಕಟ್ಟುನಿಟ್ಟಾ? ಸಂತೋಷ." ಕುರ್ಚಿ ಸರಿದ ಸದ್ದು. "ಅವರನ್ನ ಎಲ್ಲಿಗೂ ಹೋಗೋಕೆ ಬಿಡಬೇಡಿ. ಕಾಗದ ನಾನೇ ತರ್ತೀನಿ. ಇಪ್ಪತ್ತು ನಿಮಿಷ."

ಇಂಥ ಸೇವೆಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ಕುಣಿದಾಡುವುದೊಂದು ಬಾಕಿ. ಹೊರಗೆ ಓಡಿಬಂದು ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು.

"ಯಾವ ಶಾಖೆ?" ಎಂದ ಯಜಮಾನ.

"ನಿಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿದೆಯಲ್ಲ, ಅದೇ. ಅಧಿಕಾರಿನೇ ಖುದ್ದಾಗಿ ಬರ್ತಿದ್ದಾರೆ!"

ಯಜಮಾನನ ಮುಖ ಬಿಳಿಚಿಕೊಂಡಿತು. ಯಾಕೋ ಹೊಟ್ಟೆ ಸರಿಯಿಲ್ಲ ಎಂದು ಗೊಣಗಿ, ಒಳಗೆ ಹೋಗಿ ಬಚ್ಚಲಿನ ಚಿಲಕ ಹಾಕಿಕೊಂಡ. ಮೊದಲ ಸಲ ಕ್ಯಾಮೆರಾ ಎದುರಿಸುವವರಿಗೆ ಹೀಗಾಗುವುದನ್ನು ಅವಳು ಬೇಕಾದಷ್ಟು ನೋಡಿದ್ದಳು. "ಹೆದರಬೇಡಿ, ಎರಡೇ ಸಾಲು!" ಎಂದು ಬಾಗಿಲಾಚೆಯಿಂದ ಧೈರ್ಯ ತುಂಬಿದಳು. ಒಳಗಿನಿಂದ ನರಳಾಟವಷ್ಟೇ ಕೇಳಿತು.

ಒಂದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಸ್ಕೂಟರೊಂದು ಗೇಟಿನ ಬಳಿ ನಿಂತಿತು. ಬೆವರು ಒರೆಸಿಕೊಳ್ಳುತ್ತ ಬಂದ ಅಧಿಕಾರಿ ನಲವತ್ತು ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದ. ವ್ಯಾನಿನ ಕಿಟಕಿಯಲ್ಲಿ ಹಿರಿಯ ನಟಿ ಕಂಡದ್ದೇ ತಡ, ಗಂಟು ಹಾಕಿದ್ದ ಅವನ ಹುಬ್ಬು ಸಡಿಲವಾಯಿತು. ಕೈಮುಗಿದ. ಆಮೇಲೆ ಮ್ಯಾನೇಜರ್ ಕೈಗೆ ಕಾಗದ ಕೊಟ್ಟ.

ಮೊಹರು, ದಿನಾಂಕ, ವಿಳಾಸ ಎಲ್ಲ ಸರಿಯಾಗಿದ್ದವು. ಅವಳ ಕಣ್ಣಲ್ಲಿ ನೀರೇ ಬಂತು. "ಒಂದು ನಿಮಿಷ ಸಾರ್, ಯಜಮಾನ್ರ ಸಹಿ ಹಾಕಿಸಿಕೊಂಡು ಬರ್ತೀನಿ," ಎಂದು ಬಚ್ಚಲಿನ ಕಡೆ ಹೊರಟಳು.

"ಯಜಮಾನನ ಸಹಿನೂ ನಾನೇ ಹಾಕಿದ್ದೀನಮ್ಮಾ, ಅಮ್ಮನವರು ಧಾರಾಳವಾಗಿ ಮೆಟ್ಟಿಲು ಹತ್ತಲಿ, ನೀವು ನನ್ನ ಭಾವಮೈದುನನ್ನ ಸ್ವಲ್ಪ ಹೊರಗೆ ಕರೀರಿ."