ನರಕೋಶಕ್ಕೆ ಬಿಸಿ ಮುಟ್ಟಲಿಲ್ಲ

ಸಂಜೆ ಕಾಲೇಜಿನಲ್ಲಿ ಓದಿ ಪ್ರಯೋಗಾಲಯದ ಸಹಾಯಕನಾದ ಪುಟ್ಟಬಸವನಿಗೆ, ಎಲ್ಲಿ ಏನು ಕೆಟ್ಟರೂ ಅದು ತನ್ನ ಕೈಯಿಂದಲೇ ಎಂಬ ಅನುಮಾನ. ಪ್ರಯೋಗಾಲಯ ನಡೆಸುವ ಮೇಡಂ ಅವನಿಗೆ ಚರ್ಮದ ಕೋಶ, ನರಕೋಶ ಎರಡನ್ನೂ ಕೊಟ್ಟು, ಒಂದೇ ಹದದ ಬಿಸಿ ತಾಗಿಸಿ ನೋಡಿ, ಪ್ರತಿ ಸಲವೂ ಫೋಟೋ ತೆಗೆಯಲು ಹೇಳಿದ್ದರು. ಅವನ ಕೆಲಸ ಕಾಯಂ ಆಗುವುದು ಇದರ ಮೇಲೇ ನಿಂತಿತ್ತು.

ಬಿಸಿ ತಾಗಿದ ಕೋಶ ತನ್ನನ್ನು ಕಾಪಾಡಿಕೊಳ್ಳಲು ಒಂದು ಪ್ರೋಟೀನ್ ತಯಾರಿಸುತ್ತದೆ ಎಂದು ಅವನು ಓದಿದ್ದ. ಚರ್ಮದ ಕೋಶಗಳು ಹಾಗೇ ಮಾಡಿದವು. ನರಕೋಶಗಳು ಕಮಕ್ ಕಿಮಕ್ ಎನ್ನಲಿಲ್ಲ. ಯಂತ್ರದ ಸ್ವಿಚ್ಚನ್ನಾದರೂ ಹಾಕಿದೆನೋ ಇಲ್ಲವೋ ಎಂದು ಅವನು ತನ್ನನ್ನೇ ಬೈದುಕೊಂಡ.

"ಏನ್ರೀ, ಮುಖ ಯಾಕೆ ಬಾಡಿದೆ?" ಎಂದರು ಮೇಡಂ.

"ನನ್ನ ಕೈಗುಣ ಸರಿಯಿಲ್ಲ ಮೇಡಂ. ಮೂರು ಸಲ ಮಾಡಿದೆ, ನರಕೋಶದಲ್ಲಿ ಆ ಪ್ರೋಟೀನ್ ಕಾಣ್ಲೇ ಇಲ್ಲ. ನೀವು ಕೊಟ್ಟಿದ್ದ ಕೋಶಗಳೂ ಮುಗಿದುಹೋದವು."

ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ ಮಹಾರಾಯ, ಅದೇ ಸರಿ! ಎಲ್ಲ ಕೋಶಗಳೂ ಬಿಸಿಗೆ ಒಂದೇ ಥರ ಎಚ್ಚೆತ್ತುಕೊಳ್ಳಲ್ಲ. ನಾನು ಹುಡುಕ್ತಿರೋದೇ ಆ ವ್ಯತ್ಯಾಸ. ಕೋಶ ಮುಗಿದ್ರೆ ಮುಗೀಲಿ, ಫೋಟೋ ಸಾಕು. ನಿಮ್ಮ ಕೆಲಸ ಕಾಯಂ ಅಂತಲೇ ತಿಳ್ಕೊಳ್ಳಿ!"

ಜೀವಮಾನದಲ್ಲಿ ಮೊದಲ ಸಲ ಪುಟ್ಟಬಸವ ತನ್ನನ್ನು ತಾನೇ ಮೆಚ್ಚಿಕೊಂಡ.

"ಎಲ್ರೀ ಫೋಟೋ?" ಎಂದು ಮೇಡಂ ಕೈ ಚಾಚಿದರು.

"ತಪ್ಪು ಫಲಿತಾಂಶ ಯಾರನ್ನೂ ದಾರಿ ತಪ್ಪಿಸಬಾರದು ಅಂತ, ಮೂರು ಸಲವೂ ನಾನೇ ಎಲ್ಲ ಅಳಿಸಿಹಾಕಿದೆ ಮೇಡಂ."